ದುಡಿಯುವ ವಯಸ್ಸು ನಮ್ಮದು, ಲಾಭಾಂಶ ಯಾರದು?

ಒಂದು ಮಾತು ಈಗ ದೊಡ್ಡವರೆಲ್ಲರ ಬಾಯಲ್ಲಿದೆ. ಮಂತ್ರಿಗಳು ಘಟಿಕೋತ್ಸವದಲ್ಲಿ ಆಡ್ತಾರೆ, ಉದ್ಯಮಿಗಳು ಸಮಾವೇಶದಲ್ಲಿ ಆಡ್ತಾರೆ, ಅರ್ಥಶಾಸ್ತ್ರದ ಮೇಷ್ಟ್ರು ನೋಟ್ಸಿನಲ್ಲಿ ಬರೆಸ್ತಾರೆ. ಆ ಮಾತು 'ಜನಸಂಖ್ಯಾ ಲಾಭಾಂಶ'. ಭಾರತದಲ್ಲಿ ದುಡಿಯುವ ವಯಸ್ಸಿನವರು ಹೆಚ್ಚಾಗಿದ್ದಾರೆ, ಅವರನ್ನು ನಂಬಿ ಕೂತು ಉಣ್ಣುವವರು ಕಡಿಮೆಯಾಗಿದ್ದಾರೆ, ಆದ್ದರಿಂದ ದೇಶ ತಾನಾಗಿಯೇ ಮುಂದೆ ಹೋಗುತ್ತೆ ಅನ್ನೋದು ಇದರ ಸಾರ. ಪರೀಕ್ಷೆಯಲ್ಲಿ ಇದು ಐದು ಅಂಕದ ಪ್ರಶ್ನೆ. ಹಾಸ್ಟೆಲಿನಲ್ಲಿ ಕೂತಿರುವ ನಮಗೆ ಇದು ಬದುಕಿನ ಪ್ರಶ್ನೆ. ಯಾಕೆಂದರೆ ಅವರು ಲೆಕ್ಕ ಹಾಕ್ತಿರೋದು ನಮ್ಮ ಕೈಗಳನ್ನು.

ಲಾಭಾಂಶ ಅನ್ನೋದು ಕಂಪನಿಯವರ ಪದ. ಷೇರು ಹಾಕಿದವನಿಗೆ ವರ್ಷದ ಕೊನೆಗೆ ಬರುವ ಪಾಲು ಅದು. ಷೇರು ಇಲ್ಲದವನಿಗೆ ಲಾಭಾಂಶ ಇಲ್ಲ, ಕೂಲಿ ಮಾತ್ರ. ಹಾಗಾದರೆ ಈ ದೇಶದ ಯೌವನ ಅನ್ನೋ ಕಂಪನಿಯಲ್ಲಿ ಷೇರುದಾರ ಯಾರು, ಕೂಲಿಯವ ಯಾರು? ಈ ಪ್ರಶ್ನೆ ಕೇಳದೆ ಲಾಭಾಂಶದ ಮಾತಾಡೋದು ಮೋಸ.

ಮೊದಲು ಲೆಕ್ಕ ತಿಳಿಯೋಣ

ಸಿಟ್ಟಿಗೆ ಮುಂಚೆ ಲೆಕ್ಕ ಗೊತ್ತಿರಬೇಕು. ಜನಗಣತಿಯವರು ಜನರನ್ನು ವಯಸ್ಸಿನ ಪ್ರಕಾರ ಮೂರು ಪಾಲು ಮಾಡ್ತಾರೆ. 15 ತುಂಬದ ಮಕ್ಕಳು ಒಂದು ಪಾಲು. 15ರಿಂದ 59ರವರೆಗಿನವರು ಇನ್ನೊಂದು ಪಾಲು, ಇವರನ್ನೇ ದುಡಿಯುವ ವಯಸ್ಸಿನವರು ಅನ್ನೋದು. 60 ದಾಟಿದವರು ಮೂರನೆಯ ಪಾಲು. 1971ರಲ್ಲಿ ಭಾರತದ ನೂರು ಜನರಲ್ಲಿ 42 ಮಂದಿ ಮಕ್ಕಳು, 6 ಮಂದಿ ಮುದುಕರು, 52 ಮಂದಿ ದುಡಿಯುವ ವಯಸ್ಸಿನವರು. 2011ರ ಹೊತ್ತಿಗೆ ಮಕ್ಕಳು 31ಕ್ಕೆ ಇಳಿದರು, ಮುದುಕರು 9ರ ಹತ್ತಿರ ಬಂದರು, ದುಡಿಯುವ ವಯಸ್ಸಿನವರು 60 ಆದರು. ಅಂದರೆ 1971ರಲ್ಲಿ ದುಡಿಯುವ ವಯಸ್ಸಿನ ನೂರು ಜನರ ಹೆಗಲ ಮೇಲೆ 92 ಜನರ ಹೊರೆ ಇತ್ತು. 2011ರಲ್ಲಿ ಅದು 66ಕ್ಕೆ ಇಳಿಯಿತು.

ಇದು ಹೇಗಾಯ್ತು? ಮೊದಲು ಸಾವು ಇಳಿಯಿತು. 1971ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮುಂಚೆಯೇ ಮಣ್ಣು ಸೇರುತ್ತಿದ್ದವು. 2020ಕ್ಕೆ ಅದು 28 ಆಯ್ತು. ಸಿಡುಬು ಹೋಯ್ತು, ಲಸಿಕೆ ಬಂತು, ಹೆರಿಗೆ ಆಸ್ಪತ್ರೆಗೆ ಬಂತು. ಸಾವು ಇಳಿದು ಹುಟ್ಟು ಇನ್ನೂ ಇಳಿಯದಿದ್ದ ಕಾಲದಲ್ಲಿ ಮನೆ ತುಂಬಾ ಮಕ್ಕಳು. ಹುಟ್ಟಿದ ಕೂಸು ಬದುಕುತ್ತೆ ಅನ್ನೋ ಧೈರ್ಯ ತಾಯಂದಿರಿಗೆ ಬಂದ ಮೇಲೆ, ಹೆಣ್ಣುಮಕ್ಕಳು ನಾಲ್ಕಕ್ಷರ ಕಲಿತ ಮೇಲೆ, ಹುಟ್ಟೂ ಇಳಿಯಿತು. 1950ರ ದಶಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರು ಮಕ್ಕಳು. 1992-93ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4. 2019-21ರ ಸಮೀಕ್ಷೆಯಲ್ಲಿ 2.0. ಕರ್ನಾಟಕದಲ್ಲಿ 1.7. ಆ ನಡುವಿನ ಕಾಲದಲ್ಲಿ ಹುಟ್ಟಿದ ದೊಡ್ಡ ಫಸಲು ಈಗ ಪ್ರಾಯಕ್ಕೆ ಬಂದು ನಿಂತಿದೆ. ಆ ಫಸಲೇ ನೀವು.

ಈ ಫಸಲು ಮುಂದೆ ಮುಪ್ಪಾಗುತ್ತೆ. ಆಗ ಕೆಳಗಿನಿಂದ ಬರುವ ಹುಡುಗರ ಸಂಖ್ಯೆ ಕಡಿಮೆ ಇರುತ್ತೆ. 2018-19ರ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಹೇಳಿದ ಪ್ರಕಾರ 20ರಿಂದ 59ರ ವಯಸ್ಸಿನವರ ಪಾಲು 2041ರ ಸುಮಾರಿಗೆ ನೂರಕ್ಕೆ 59 ಆಗಿ, ಅಲ್ಲಿಂದ ಇಳಿಮುಖ. ಅಂದರೆ ಈಗ ಹಾಸ್ಟೆಲಿನಲ್ಲಿರುವ ಇಪ್ಪತ್ತರ ಹುಡುಗ ಮೂವತ್ತೈದರ ಆಸುಪಾಸಿಗೆ ಬರುವ ಹೊತ್ತಿಗೆ ಈ ಕಾಲ ತುತ್ತತುದಿಗೆ ಬಂದಿರುತ್ತೆ. ಒಂದು ದೇಶದ ಇತಿಹಾಸದಲ್ಲಿ ಇಂಥ ಹದ ಬರೋದು ಒಂದೇ ಸಲ.

ಗಾಳಿ ಬಂದಾಗ ತೂರಿಕೋ ಅಂತಾರೆ ಹಿರಿಯರು. ಸರಿ. ಆದರೆ ತೂರೋದಕ್ಕೆ ಗಾಳಿ ಒಂದಿದ್ದರೆ ಸಾಲದು. ರಾಶಿ ಬೇಕು, ಮೊರ ಬೇಕು, ಕಣ ಬೇಕು. ಕಣ ಯಾರದ್ದು ಅನ್ನೋದು ನಮ್ಮ ಅವ್ವ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು.

ಗಾಳಿ ಬಂದಾಗ ಬೇರೆಯವರು ಏನು ಮಾಡಿದರು?

ದಕ್ಷಿಣ ಕೊರಿಯಾ ನೋಡಿ. ನಮ್ಮ ಹಾಗೆಯೇ ಪರರ ಆಳ್ವಿಕೆಯಲ್ಲಿ ನಲುಗಿ, ಯುದ್ಧದಲ್ಲಿ ಸುಟ್ಟುಹೋಗಿದ್ದ ಬಡ ದೇಶ ಅದು. ಅವರ ಯುವಕರ ಫಸಲು ಪ್ರಾಯಕ್ಕೆ ಬರುವ ಮುಂಚೆಯೇ, 1950ರ ಸುಮಾರಿಗೆ, ಜಮೀನ್ದಾರರ ಭೂಮಿ ಉಳುವವರ ಕೈಗೆ ಬಂತು. ಹಳ್ಳಿ ಹಳ್ಳಿಗೆ ಶಾಲೆ ಬಂತು. ಆಮೇಲೆ ಕಾರ್ಖಾನೆ ಬಂದವು. ಅಲ್ಲೂ ಕಾರ್ಮಿಕರ ಮೇಲೆ ದಬ್ಬಾಳಿಕೆ ನಡೆಯಿತು, ಸರ್ವಾಧಿಕಾರ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಭೂಮಿ ಮತ್ತು ಅಕ್ಷರ ಮೊದಲು, ಲಾಭಾಂಶ ಆಮೇಲೆ ಅನ್ನೋ ಕ್ರಮ ಮಾತ್ರ ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಚೀನಾದಲ್ಲೂ ಅಷ್ಟೇ. ಜಮೀನ್ದಾರಿಕೆ ಮುರಿದು, ಜನಕ್ಕೆ ಓದು ಬರಹ ಕಲಿಸಿದ ಮೇಲೆ ಕಾರ್ಖಾನೆಗಳ ಕಾಲ ಬಂತು. 2012ರಿಂದ ಅಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ ಇಳಿಯತೊಡಗಿತು. 2022ರಿಂದ ಒಟ್ಟು ಜನಸಂಖ್ಯೆಯೇ ಇಳಿಯತೊಡಗಿತು. ಅಷ್ಟರೊಳಗೆ ಅವರು ತೂರಿಕೊಂಡಿದ್ದರು.

ನಮ್ಮಲ್ಲಿ ಏನಾಯ್ತು? ಕರ್ನಾಟಕದಲ್ಲಿ 1974ರ ತಿದ್ದುಪಡಿಯಿಂದ ಗೇಣಿದಾರನಿಗೆ ಭೂಮಿ ಬಂತು. ಬಂದದ್ದು ಒಳ್ಳೆಯದೇ. ಆದರೆ ಗೇಣಿಯನ್ನೂ ಮಾಡಲಾಗದೆ ಕೂಲಿಯಾಗಿಯೇ ಉಳಿದಿದ್ದ ಹೊಲಗೇರಿ ಮಾದಿಗಗೇರಿಗೆ ಬಂದದ್ದೆಷ್ಟು? 2011ರ ಜನಗಣತಿಯಲ್ಲಿ ದೇಶದ ಎಲ್ಲ ದುಡಿಯುವವರಲ್ಲಿ ಕೃಷಿಕೂಲಿಗಳು ನೂರಕ್ಕೆ 30. ಪರಿಶಿಷ್ಟ ಜಾತಿಯವರಲ್ಲಿ ನೂರಕ್ಕೆ ಸುಮಾರು 46. ಇನ್ನು ಅಕ್ಷರ. 1961ರಲ್ಲಿ ನಮ್ಮವರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಮಂದಿ. 2011ಕ್ಕೆ 66. ಈ ಐವತ್ತು ವರ್ಷದ ಏರಿಕೆ ಸಣ್ಣದಲ್ಲ. ಶಾಲೆ ಇತ್ತು, ವಿದ್ಯಾರ್ಥಿವೇತನ ಇತ್ತು, ಹಾಸ್ಟೆಲ್ ಇತ್ತು. ಆದರೆ ಹಸಿದ ಹೊಟ್ಟೆಯಲ್ಲಿ ಅವ್ವಂದಿರು ಮಕ್ಕಳನ್ನು ಶಾಲೆಗೆ ಅಟ್ಟದೇ ಹೋಗಿದ್ದರೆ ಇವು ಯಾವುವೂ ಕೆಲಸಕ್ಕೆ ಬರ್ತಿರಲಿಲ್ಲ.

ಅಂದು ಹೊರೆ, ಇಂದು ಲಾಭ

ಇದೇ ಜನಸಂಖ್ಯೆಯನ್ನು ಹಿಂದೆ ಏನಂತ ಕರೀತಿದ್ದರು? 'ಸ್ಫೋಟ' ಅಂತ. ದೇಶದ ಬಡತನಕ್ಕೆ ಕಾರಣ ಯಾರು ಅಂದರೆ ಮಕ್ಕಳನ್ನು ಹೆರುವ ಬಡವರು ಅಂತ. 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಅಂತ ಗೋಡೆ ಗೋಡೆಯ ಮೇಲೆ ಬರೆದರು. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಅಧಿಕಾರಿಗಳಿಗೆ ಕೋಟಾ ಕೊಟ್ಟರು. ಕೋಟಾ ತುಂಬಿಸೋದಕ್ಕೆ ಕೈಗೆ ಸಿಕ್ಕವರು ಯಾರು? ಕೂಲಿಯವರು, ಕೊಳೆಗೇರಿಯವರು, ದಲಿತರು, ಮುಸ್ಲಿಮರು. ಆಮೇಲೆ ವಿಚಾರಣೆ ಮಾಡಿದ ಷಾ ಆಯೋಗದ ಲೆಕ್ಕದಲ್ಲೇ ಈ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿ 1,774 ಸಾವು.

ಗೆಳೆಯರೇ, ಇಲ್ಲಿ ಒಂದು ವಿಷಯ ಬಿಡಿಸಿ ತಿಳಿಯಬೇಕು. ಕಡಿಮೆ ಮಕ್ಕಳು ಇರಲಿ ಅನ್ನೋ ಮಾತಿಗೆ ನಮ್ಮ ವಿರೋಧ ಇಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹೆಗೆ ಕ್ಲಿನಿಕ್ ತೆರೆದಿತ್ತು. 1938ರ ನವೆಂಬರಿನಲ್ಲಿ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಂಡಿಸಿತು. ಹೆಣ್ಣಿನ ಮೈ ಹಣ್ಣಾಗಬಾರದು, ಬಡವರ ಸಂಸಾರ ಮುಳುಗಬಾರದು ಅನ್ನೋದು ಅಲ್ಲಿನ ಕಾಳಜಿ. ಸಭೆಯ ಬಹುಮತ ಅದನ್ನು ಸೋಲಿಸಿತು. ಹೆಣ್ಣಿನ ಇಚ್ಛೆ ಕೇಳುವ ದಾರಿ ಒಂದು, ಬಡವನನ್ನು ಲಾರಿಗೆ ತುಂಬಿಕೊಂಡು ಹೋಗುವ ದಾರಿ ಇನ್ನೊಂದು. ಎರಡೂ ಒಂದೇ ಅಲ್ಲ.

ಆಗ ನಮ್ಮನ್ನು ಹೊರೆ ಅಂದವರು ಈಗ ಲಾಭಾಂಶ ಅಂತಿದ್ದಾರೆ. ಎರಡೂ ಸಲ ನಮ್ಮನ್ನು ಎಣಿಸಿದ್ದು ಅವರು. ನಮ್ಮನ್ನು ಕೇಳಿದವರು ಯಾರೂ ಇಲ್ಲ.

ಬಾಬಾಸಾಹೇಬರು 1918ರಲ್ಲೇ ಹೇಳಿದ್ದು

ಈ ಚರ್ಚೆ ಹೊಸದು ಅಂತ ತಿಳೀಬೇಡಿ. 1918ರಲ್ಲಿ, ಇನ್ನೂ ಇಪ್ಪತ್ತೇಳು ವರ್ಷದ ಯುವಕರಾಗಿದ್ದಾಗ, ಬಾಬಾಸಾಹೇಬರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ಜಮೀನು ತುಂಡು ತುಂಡಾಗಿರೋದೇ ರೋಗ, ಅದನ್ನು ಒಟ್ಟುಗೂಡಿಸಿದರೆ ಸಾಕು ಅಂತ ಆಗಿನ ಪಂಡಿತರು ಹೇಳ್ತಿದ್ದರು. ಬಾಬಾಸಾಹೇಬರು ಒಪ್ಪಲಿಲ್ಲ. ರೋಗ ಜಮೀನಿನ ಅಳತೆಯಲ್ಲಿಲ್ಲ, ಬೇರೆ ಕೆಲಸವಿಲ್ಲದೆ ಆ ಜಮೀನಿನ ಮೇಲೇ ಬಿದ್ದಿರುವ ಜನದಲ್ಲಿದೆ ಅಂದರು. ಬಂಡವಾಳ ಸುಮ್ಮನೆ ಕೂತರೆ ಅದಕ್ಕೆ ಹಸಿವಾಗೋದಿಲ್ಲ. ಮನುಷ್ಯ ಸುಮ್ಮನೆ ಕೂತರೂ ಅವನಿಗೆ ಹಸಿವಾಗುತ್ತೆ. ಕೆಲಸವಿಲ್ಲದ ಕೈ ರಾಷ್ಟ್ರದ ಆದಾಯಕ್ಕೆ ಕೂಡಿಸೋದಿಲ್ಲ, ಇದ್ದದ್ದನ್ನೂ ಕರಗಿಸುತ್ತೆ ಅನ್ನೋದು ಅವರ ವಾದದ ತಿರುಳು. ಅದಕ್ಕೆ ಅವರು ಹೇಳಿದ ಮದ್ದು ಕೈಗಾರಿಕೆ. ಹೆಚ್ಚುವರಿ ಕೈಗಳಿಗೆ ಹೊಲದ ಆಚೆ ಕೆಲಸ.

ಇಷ್ಟು ವರ್ಷವಾದರೂ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ. ದುಡಿಯುವ ವಯಸ್ಸು ಬೇರೆ, ದುಡಿಮೆ ಬೇರೆ. ವಯಸ್ಸು ಪ್ರಕೃತಿ ಕೊಡುತ್ತೆ. ದುಡಿಮೆ ಕೊಡಬೇಕಾದ್ದು ವ್ಯವಸ್ಥೆ.

ಓದಿದಷ್ಟೂ ನಿರುದ್ಯೋಗ

ವ್ಯವಸ್ಥೆ ಏನು ಕೊಟ್ಟಿದೆ? ಸರ್ಕಾರದ್ದೇ 2017-18ರ ಕಾರ್ಮಿಕ ಸಮೀಕ್ಷೆಯಲ್ಲಿ 15ರಿಂದ 29ರ ಯುವಜನರಲ್ಲಿ ನಿರುದ್ಯೋಗ ನೂರಕ್ಕೆ 17.8. 2023-24ರ ಸಮೀಕ್ಷೆಯಲ್ಲಿ ಅದು 10.2ಕ್ಕೆ ಇಳಿದಿದೆ. ಇಳಿದದ್ದು ನಿಜ. ಆದರೆ ಒಟ್ಟು ಜನರ ನಿರುದ್ಯೋಗ ಅದೇ ಸಮೀಕ್ಷೆಯಲ್ಲಿ 3.2. ಅಂದರೆ ಯುವಕರ ಪಾಡು ಮೂರು ಪಟ್ಟು ಕೆಟ್ಟದ್ದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿ ಇನ್ನೂ ಒಂದು ಸತ್ಯ ಹೇಳುತ್ತೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ನೂರಕ್ಕೆ 3.4, ಪದವೀಧರರಲ್ಲಿ 29.1.

ಇದರ ಅರ್ಥ ಓದಬೇಡಿ ಅಂತಲ್ಲ. ಓದದವನು ಸಿಕ್ಕ ಕೂಲಿಗೆ ಹೋಗ್ತಾನೆ, ಅವನಿಗೆ ಸುಮ್ಮನೆ ಕೂರುವ ಅನುಕೂಲ ಇಲ್ಲ. ಅದಕ್ಕೇ ಅವನು ನಿರುದ್ಯೋಗಿಯ ಲೆಕ್ಕದಲ್ಲಿ ಕಾಣೋದಿಲ್ಲ. ಓದಿದವನು ಓದಿಗೆ ತಕ್ಕ ಕೆಲಸ ಕೇಳ್ತಾನೆ, ಕಾಯ್ತಾನೆ. ಅಪ್ಪನಿಗೆ ಐದು ಎಕರೆ ತೋಟ ಇದ್ದವನು ಐದು ವರ್ಷ ಕಾಯಬಹುದು. ಪರೀಕ್ಷೆ ಮೇಲೆ ಪರೀಕ್ಷೆ ಬರೀಬಹುದು. ಹಾಸ್ಟೆಲ್ ಬಿಟ್ಟ ಮಾರನೇ ದಿನವೇ ಊಟಕ್ಕೆ ಎಲ್ಲಿ ಅಂತ ಯೋಚಿಸಬೇಕಾದ ನಮ್ಮ ಹುಡುಗ ಎಷ್ಟು ದಿನ ಕಾದಾನು? ಎಂ.ಎ. ಮುಗಿಸಿ ಬೈಕಿನಲ್ಲಿ ಊಟದ ಪೊಟ್ಟಣ ಹಂಚ್ತಾನೆ. ಲೆಕ್ಕದಲ್ಲಿ ಅವನು 'ಉದ್ಯೋಗಿ'.

ಮೀಸಲಾತಿ ಇದೆಯಲ್ಲ ಅಂತ ಕಿಚಾಯಿಸ್ತಾರೆ. ಮೀಸಲಾತಿ ಇರೋದು ಎಲ್ಲಿ? ಸರ್ಕಾರಿ ಹುದ್ದೆಯಲ್ಲಿ. ದೇಶದ ಸಾರ್ವಜನಿಕ ವಲಯದಲ್ಲಿ 1995ರಲ್ಲಿ ಇದ್ದ ನೌಕರರು 194 ಲಕ್ಷ. 2012ರಲ್ಲಿ 176 ಲಕ್ಷ. ದುಡಿಯುವ ವಯಸ್ಸಿನವರು ಕೋಟಿಗಟ್ಟಲೆ ಹೆಚ್ಚಿದ ಅದೇ ಕಾಲದಲ್ಲಿ ಹುದ್ದೆ 18 ಲಕ್ಷ ಕಡಿಮೆಯಾದವು. ಬಾವಿ ಬತ್ತಿಸಿ, ನೀರು ಸೇದೋದಕ್ಕೆ ನಿಮಗೆ ಹಕ್ಕಿದೆ ಅಂದ ಹಾಗಾಯ್ತು.

ನಮ್ಮ ಕೇರಿಯಲ್ಲಿ ದುಡಿಯುವ ವಯಸ್ಸು ಯಾವುದು?

15ರಿಂದ 59 ಅನ್ನೋದು ಪುಸ್ತಕದ ವಯಸ್ಸು. ಗೌಡರ ದನ ಕಾಯೋಕೆ ಬಿಟ್ಟ ಹುಡುಗನಿಗೆ ಎಂಟು ವರ್ಷ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆ ಬಿಟ್ಟ ಹುಡುಗಿಗೆ ಒಂಬತ್ತು. ಎಪ್ಪತ್ತರ ಮುದುಕಿ ಇವತ್ತಿಗೂ ಕಳೆ ಕೀಳೋಕೆ ಹೋಗ್ತಾಳೆ. ಇವರೆಲ್ಲ 'ಅವಲಂಬಿತರು' ಅಂತೆ!

ಇನ್ನೊಂದು ಕಡೆ, 59ರವರೆಗೆ ದುಡಿಯುವ ಮೈ ನಮಗೆ ಉಳಿಯೋದೇ ಇಲ್ಲ. ಕೋಲಾರದ ಚಿನ್ನದ ಗಣಿ ನೆನೆಸಿಕೊಳ್ಳಿ. 1880ರ ದಶಕದಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಭೂಮಿಯೊಳಗೆ ಮೂರು ಕಿಲೋಮೀಟರು ಆಳಕ್ಕೆ ಇಳಿದು ನೂರಾರು ಟನ್ ಚಿನ್ನ ತೆಗೆದವರು ಯಾರು? ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಚಿನ್ನ ಕಂಪನಿಗೂ ಸರ್ಕಾರಕ್ಕೂ ಹೋಯ್ತು, ಕಲ್ಲಿನ ಧೂಳು ಅವರ ಎದೆಗೂಡಿಗೆ ಹೋಯ್ತು. ಅವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಓಡಾಡುವ ಹಾಗಾಯ್ತು. ಒಂದು ಊರಿನ ನಾಲ್ಕು ತಲೆಮಾರಿನ ಯೌವನದ ಲಾಭಾಂಶ ಯಾರ ಪಾಲಾಯ್ತು ಅಂತ ಕೇಳೋದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ.

2016ರ ಏಪ್ರಿಲ್ ನೆನಪಿದೆಯೆ? ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕನೂ ಅವರನ್ನು ಕರೆದಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ನಲವತ್ತಕ್ಕೇ ಸೊಂಟ ಬಿದ್ದುಹೋಗುವ ಹೆಣ್ಣಿಗೆ 58ರವರೆಗೆ ಕಾಯಿ ಅನ್ನೋದು ಯಾವ ನ್ಯಾಯ? ಅವರ ದುಡಿಯುವ ವಯಸ್ಸು ಎಷ್ಟು ಅಂತ ಅವರಿಗೆ ಗೊತ್ತಿತ್ತು, ದಿಲ್ಲಿಗೆ ಗೊತ್ತಿರಲಿಲ್ಲ. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. ಲಾಠಿ ಏಟು ತಿಂದವರು ಅವರು, ಉಳಿಸಿಕೊಟ್ಟದ್ದು ಇಡೀ ದೇಶದ ಕಾರ್ಮಿಕರ ಹಣ.

ದಿನಕ್ಕೆ ಎಂಟು ಗಂಟೆ ಕೆಲಸ ಅನ್ನೋದನ್ನು ಕಾರ್ಮಿಕ ಸಮ್ಮೇಳನದಲ್ಲಿ ಎತ್ತಿಹಿಡಿದು, ವಾರಕ್ಕೆ 48 ಗಂಟೆ ಅಂತ ಕಾನೂನಿಗೆ ತಂದವರು ಆಗ ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು. 2023ರಲ್ಲಿ ಕರ್ನಾಟಕದ ಶಾಸನಸಭೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅಂತ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ಅದೇ ವರ್ಷ ಬೆಂಗಳೂರಿನ ಒಬ್ಬ ದೊಡ್ಡ ಉದ್ಯಮಿ, ದೇಶ ಕಟ್ಟೋದಕ್ಕೆ ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂತ ಉಪದೇಶ ಮಾಡಿದರು. ಇದು ಲಾಭಾಂಶದ ಅಸಲಿ ಮುಖ. ಒಂದು ಕಡೆ ಕೆಲಸವೇ ಇಲ್ಲ. ಕೆಲಸ ಸಿಕ್ಕವನಿಗೆ ಎರಡಾಳಿನ ಕೆಲಸ. ಒಬ್ಬನಿಂದ ಎರಡಾಳಿನ ಕೆಲಸ ತೆಗೆದರೆ ಇನ್ನೊಬ್ಬ ನಿರುದ್ಯೋಗಿ ಆಗದೆ ಏನಾದಾನು?

ನಮ್ಮ ಮನೆಯ ಹೆಣ್ಣುಮಕ್ಕಳು

ಒಂದು ಕಟು ಮಾತು ಹೇಳಲೇಬೇಕು. ದುಡಿಯುವ ವಯಸ್ಸಿನವರಲ್ಲಿ ಅರ್ಧ ಹೆಂಗಸರು. 2023-24ರ ಸಮೀಕ್ಷೆಯಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ 79 ಮಂದಿ ದುಡಿಮೆಯಲ್ಲಿ ಅಥವಾ ಕೆಲಸ ಹುಡುಕುವುದರಲ್ಲಿದ್ದರೆ, ಹೆಂಗಸರಲ್ಲಿ 42. ದುಡಿಯುವ ಹೆಂಗಸರಲ್ಲೂ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿ ಮನೆಯವರದ್ದೇ ಹೊಲ ಅಂಗಡಿಯಲ್ಲಿ ಕೂಲಿ ಇಲ್ಲದೆ ದುಡಿಯುವವರು. ನೀರು ಹೊತ್ತದ್ದು, ಅಡಿಗೆ ಮಾಡಿದ್ದು, ಮುಸುರೆ ತಿಕ್ಕಿದ್ದು, ಮುದುಕರ ಸೇವೆ ಮಾಡಿದ್ದು ಯಾವ ಲೆಕ್ಕದಲ್ಲೂ ಇಲ್ಲ. ಜಾತಿ ವ್ಯವಸ್ಥೆ ನಮ್ಮ ದುಡಿಮೆಗೆ ಬೆಲೆ ಕೊಡಲಿಲ್ಲ ಅಂತ ಕೂಗುವ ನಾವು, ರಜಕ್ಕೆ ಊರಿಗೆ ಹೋದಾಗ ತಂಗಿ ತಟ್ಟೆ ಎತ್ತಲಿ ಅಂತ ಕೂತರೆ ನಮ್ಮ ಹೋರಾಟಕ್ಕೆ ಯಾವ ಬೆಲೆ? ತಂಗಿಯ ಓದನ್ನು ಪಿ.ಯು.ಸಿ.ಗೆ ನಿಲ್ಲಿಸಿ ಮದುವೆ ಮಾಡ್ತೀವಿ ಅಂತ ಅಪ್ಪ ಹೊರಟರೆ ಎದುರು ನಿಲ್ಲುವ ಮೊದಲ ಮನುಷ್ಯ ನೀವಾಗಬೇಕು.

ಬಿಹಾರದ ಹುಡುಗ ನಮ್ಮ ಶತ್ರು ಅಲ್ಲ

ಈ ಫಸಲು ದೇಶದ ಎಲ್ಲಾ ಕಡೆ ಒಂದೇ ಸಲ ಬಂದಿಲ್ಲ. ಕೇರಳ, ತಮಿಳುನಾಡು, ಕರ್ನಾಟಕದಲ್ಲಿ ಹುಟ್ಟು ಮೊದಲೇ ಇಳಿಯಿತು, ಇಲ್ಲಿ ಮುದುಕರ ಪಾಲು ಬೇಗ ಏರುತ್ತಿದೆ. ಬಿಹಾರದಲ್ಲಿ 2019-21ರಲ್ಲೂ ಒಬ್ಬ ಹೆಂಗಸಿಗೆ ಸರಾಸರಿ ಮೂರು ಮಕ್ಕಳು. ಆ ಹುಡುಗರು ಬೆಂಗಳೂರಿಗೆ ಬಂದು ಕಟ್ಟಡ ಕಟ್ಟುತ್ತಿದ್ದಾರೆ, ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದಾರೆ. ಅವರಲ್ಲೂ ಭೂಮಿ ಇಲ್ಲದ ಕೆಳಜಾತಿಯ ಬಡವರೇ ಹೆಚ್ಚು. ಅವರಿಂದ ನಮ್ಮ ಕೆಲಸ ಹೋಯ್ತು ಅಂತ ಎತ್ತಿಕಟ್ಟುವವರು ಇದ್ದಾರೆ. ಕಡಿಮೆ ಕೂಲಿಗೆ ದುಡಿಸಿಕೊಂಡವನನ್ನು ಬಿಟ್ಟು ದುಡಿದವನನ್ನು ಬೈಯೋದು ಯಾವ ಬುದ್ಧಿ? ಇಬ್ಬರಿಗೂ ಒಂದೇ ಕನಿಷ್ಠ ಕೂಲಿ ಕೊಡಿಸಿ, ಜಗಳ ತಾನಾಗಿ ನಿಲ್ಲುತ್ತೆ.

ಏನು ಮಾಡಬೇಕು?

ಒಂದು. ಲೆಕ್ಕ ಕೇಳಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ಕ್ಕೆ ಜನಗಣತಿ, ಅದರಲ್ಲಿ ಜಾತಿಯ ಎಣಿಕೆ ಅಂತ 2025ರ ಜೂನಿನಲ್ಲಿ ಅಧಿಸೂಚನೆ ಬಂತು. ಯಾವ ಜಾತಿಯಲ್ಲಿ ಯಾವ ವಯಸ್ಸಿನವರು ಎಷ್ಟು, ಅವರ ಓದೆಷ್ಟು, ಕೆಲಸ ಏನು, ಭೂಮಿ ಎಷ್ಟು ಅನ್ನೋದು ತಡವಿಲ್ಲದೆ ಜನರ ಕೈಗೆ ಸಿಗಬೇಕು. ಜಾತಿ ಕಾಣದ ಲೆಕ್ಕ ಅರ್ಧ ಲೆಕ್ಕ.

ಎರಡು. ಹಣ ಕೇಳಬೇಕು. ಕರ್ನಾಟಕದ 2013ರ ಉಪಯೋಜನೆ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಇಡಬೇಕು ಅಂತ ಹೇಳಿತು. ಅದರ 7(ಡಿ) ಅನ್ನೋ ಕಿಂಡಿಯಿಂದ ಹಣ ಬೇರೆ ಕಡೆ ಹರೀತಿತ್ತು. ಕೂಗಿ ಕೂಗಿ 2023ರಲ್ಲಿ ಆ ಕಿಂಡಿ ಮುಚ್ಚಿಸಬೇಕಾಯ್ತು. ಬೇರೆ ಕಿಂಡಿ ಎಲ್ಲಿವೆ ಅಂತ ಹುಡುಕೋದು ಓದಿದವರ ಕೆಲಸ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ತಾಲ್ಲೂಕಿನಲ್ಲಿ ಹಾಸ್ಟೆಲಿಗೆ ಅರ್ಜಿ ಹಾಕಿ ಸೀಟು ಸಿಗದೆ ವಾಪಸು ಹೋದವರು ಎಷ್ಟು ಅಂತ ಕೇಳಿ.

ಮೂರು. ಖಾಲಿ ಹುದ್ದೆ ತುಂಬಿಸಿ, ಬ್ಯಾಕ್‌ಲಾಗ್ ಪಟ್ಟಿ ಹೊರಗೆ ಹಾಕಿ, ಗುತ್ತಿಗೆ ಕೆಲಸ ಕಾಯಂ ಮಾಡಿ ಅಂತ ಕೇಳಬೇಕು. ಖಾಸಗಿ ವಲಯದಲ್ಲೂ ನಮ್ಮ ಪಾಲು ಕೇಳಬೇಕು. ಸರ್ಕಾರದ ಜಮೀನು, ನೀರು, ವಿದ್ಯುತ್ತು, ತೆರಿಗೆ ರಿಯಾಯಿತಿ ಪಡೆದ ಕಂಪನಿ ಖಾಸಗಿ ಹೇಗಾಗುತ್ತೆ?

ನಾಲ್ಕು. ಭೂಮಿಯ ಪ್ರಶ್ನೆ ಬಿಡಬಾರದು. ಪಟ್ಟಣಕ್ಕೆ ಬಂದ ಹುಡುಗನಿಗೆ ಊರಲ್ಲಿ ಎರಡು ಎಕರೆ ಇದ್ದರೆ ಅವನು ಮಾಲೀಕನಿಗೆ ಇಲ್ಲ ಅನ್ನಬಲ್ಲ. ಏನೂ ಇಲ್ಲದವನು ಕೊಟ್ಟಷ್ಟಕ್ಕೆ ಹೂಂ ಅನ್ನಬೇಕು.

ಐದು. ಪ್ರತಿ ಹಾಸ್ಟೆಲಿನಲ್ಲೂ ಭಾನುವಾರ ಎರಡು ಗಂಟೆ ಕೂತು ಓದಿ. ಬಾಬಾಸಾಹೇಬರ 1918ರ ಲೇಖನದಿಂದಲೇ ಶುರು ಮಾಡಿ. ಬಜೆಟ್ ಪುಸ್ತಕ ತೆರೆದು ನೋಡಿ. ಅಂಕಿಗಳಿಗೆ ಹೆದರಬೇಡಿ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೇ ನಮ್ಮಜ್ಜಂದಿರನ್ನು ಜೀತಕ್ಕೆ ಇಟ್ಟುಕೊಂಡರು. ಆ ಪತ್ರ ಓದೋದಕ್ಕೆ ಬರುವ ಮೊದಲ ತಲೆಮಾರು ಅನೇಕ ಮನೆಗಳಲ್ಲಿ ನೀವೇ.

ಗೆಳೆಯರೇ, ಕಾಲ ಕಡಿಮೆ ಇದೆ. ನಲವತ್ತು ವರ್ಷ ಆದ ಮೇಲೆ ಈ ದೇಶದಲ್ಲಿ ಮುದುಕರು ಬಹಳ ಮಂದಿ ಇರ್ತಾರೆ. ಆ ಮುದುಕರೂ ನೀವೇ. ಆಗ ಪಿಂಚಣಿ ಇರುವ ಮುದುಕರು ಯಾರು, ಕೂಲಿಗೆ ಹೋಗುವ ಮುದುಕರು ಯಾರು ಅನ್ನೋದು ಈಗಿನ ಹತ್ತು ಹದಿನೈದು ವರ್ಷದಲ್ಲಿ ತೀರ್ಮಾನ ಆಗುತ್ತೆ. ದುಡಿಯುವ ಕೈಗಳು ನಮ್ಮವು, ಸಂಖ್ಯೆ ನಮ್ಮದು. ಪಾಲು ನಮ್ಮದಾಗದಿದ್ದರೆ ಅದು ಲಾಭಾಂಶ ಅಲ್ಲ, ಹೊಸ ಹೆಸರಿನ ಜೀತ. ಜೀತಕ್ಕೆ ನಾವು ಒಪ್ಪೋದಿಲ್ಲ.

ಜೈ ಭೀಮ್.